ಕೇಳದೆ ಕಳಿಸಿದ ಹಾಡು

ಗೂಳಿಯ ಎರಡೂ ಕೈ ನನ್ನ ಕುತ್ತಿಗೆಯ ಮೇಲಿದ್ದವು.

ನಾವಿದ್ದದ್ದು ಹಾಡುಗಾರರು ನಿಂತು ಹಾಡುವ ಗಾಜಿನ ಕೋಣೆಯಲ್ಲಿ. ಸೌಂಡ್‌ಪ್ರೂಫ್. ಒಳಗೆ ಕೊಲೆಯಾದರೂ ಹೊರಗಿನವರಿಗೆ ಸದ್ದು ಕೇಳಿಸುವುದಿಲ್ಲ. ಗಾಜಿನ ಆಚೆ ಸೌಂಡ್ ಇಂಜಿನಿಯರ್ ಕೂತಿದ್ದ. ನಮ್ಮನ್ನು ನೋಡಿದ. ಆಮೇಲೆ ಟೀ ಕಪ್ಪಿನೊಳಗೆ ನೋಡತೊಡಗಿದ. ಅವನಿಗೂ ಹೆಂಡತಿ ಮಕ್ಕಳಿದ್ದಾರೆ, ಬಿಡಿ.

"ಪೆನ್‌ಡ್ರೈವ್ ಎಲ್ಲಿ?" ಎಂದ ಗೂಳಿ.

"ಕೈ... ತೆಗಿ... ಹೇಳ್ತೀನಿ..."

"ಮೊದಲು ಹೇಳು."

ಕುತ್ತಿಗೆ ಹಿಸುಕಿಸಿಕೊಂಡವನು ಹೇಳುವುದಾದರೂ ಹೇಗೆ? ಗೂಳಿಗೆ ಅಷ್ಟು ತಲೆ ಓಡುವುದಿಲ್ಲ. ಆಡಿಯೋ ಕಂಪನಿಯ ಸಾಹುಕಾರ ಅವನನ್ನು ಸಾಕಿಕೊಂಡಿರುವುದು ತೋಳಿಗಾಗಿ.

ಭಯವಾಗಲಿಲ್ಲವೇ ಎಂದು ನೀವು ಕೇಳಬಹುದು. ಆಗಲಿಲ್ಲ. ಧೈರ್ಯ ಎಂದು ತಿಳಿಯಬೇಡಿ. ತಮ್ಮ ಕಾಣೆಯಾದ ದಿನದಿಂದ ನನಗೆ ಏನೂ ಆಗುತ್ತಿರಲಿಲ್ಲ. ಹಸಿವಾಗುತ್ತಿರಲಿಲ್ಲ, ಸಿಟ್ಟು ಬರುತ್ತಿರಲಿಲ್ಲ. ಬಹಳ ಹೊತ್ತು ಮಡಿಸಿಕೊಂಡು ಕೂತ ಕಾಲಿನ ಹಾಗೆ ಇಡೀ ಮನುಷ್ಯನೇ ಜೋಮು ಹಿಡಿದು ಹೋಗಿದ್ದೆ.

ಕಣ್ಣು ಕತ್ತಲೆ ಕಟ್ಟತೊಡಗಿತು. ಕೈ ಹಿಂದೆ ಚಾಚಿದೆ. ಮೈಕಿನ ಸ್ಟ್ಯಾಂಡ್ ಸಿಕ್ಕಿತು. ಕಬ್ಬಿಣದ್ದು, ಹಳೆಯ ಕಾಲದ್ದು. ಎತ್ತಿ ಅವನ ಹಣೆಗೆ ಬಾರಿಸಿದೆ. ಒಂದೇಟಿಗೆ ಬೀಳಲಿಲ್ಲ. ಇನ್ನೊಂದು ಕೊಟ್ಟೆ.

ಬಿದ್ದ.

ಬಾಗಿಲು ತೆರೆದು ಹೊರಗೆ ಬಂದೆ. ಇಂಜಿನಿಯರ್ ತಲೆ ಎತ್ತದೆ ಹೇಳಿದ: "ಹಿಂದಿನ ಮೆಟ್ಟಿಲಲ್ಲಿ ಹೋಗಿ ಸಾರ್. ಮುಂದುಗಡೆ ಇನ್ನಿಬ್ರು ಇದಾರೆ."

"ಥ್ಯಾಂಕ್ಸ್."

"ನಾನೇನೂ ಹೇಳಿಲ್ಲ."

ಪೆನ್‌ಡ್ರೈವ್ ನನ್ನ ಕಾಲುಚೀಲದೊಳಗಿತ್ತು. ಬೆಳಿಗ್ಗೆ ತಮ್ಮನಿಂದ ಬಂದದ್ದು ಎಂದು ಸಾಹುಕಾರನ ಮೇಜಿನ ಮೇಲೆ ಇಟ್ಟಿದ್ದರು. ಅಲ್ಲಿಂದ ಎತ್ತಿದ್ದೆ. ಮೆಟ್ಟಿಲು ಇಳಿಯುವಾಗ ಅದು ಹಿಮ್ಮಡಿಗೆ ಚುಚ್ಚುತ್ತಿತ್ತು. ಹಿಂದಿನಿಂದ ಬೂಟುಗಳ ಸದ್ದು ಬಂತು. ಓಡಿದೆ... ಗಲ್ಲಿ, ಅಡ್ಡರಸ್ತೆ, ತರಕಾರಿ ಮಾರ್ಕೆಟ್ಟು. ಮಾರ್ಕೆಟ್ಟಿನ ಆಚೆ ಬಸ್ಸೊಂದು ಹೊರಡುತ್ತಿತ್ತು. ಹತ್ತಿಬಿಟ್ಟೆ. ಎಲ್ಲಿಗೆ ಹೋಗುವ ಬಸ್ಸು ಎಂದು ಆಮೇಲೆ ಕೇಳಿದೆ.

ನನ್ನ ಕೆಲಸ ಹುಡುಕುವುದು. ರೆಕಾರ್ಡಿಂಗಿಗೆ ಬರದೆ ತಲೆಮರೆಸಿಕೊಂಡ ಹಾಡುಗಾರ, ಕಳುವಾದ ಟ್ಯೂನು, ನಿರ್ಮಾಪಕನ ಮಗಳ ಜೊತೆ ಓಡಿಹೋದ ಡ್ರಮ್ಮರ್... ಎಲ್ಲರನ್ನೂ ಹುಡುಕಿ ತಂದಿದ್ದೇನೆ. ಒಡಹುಟ್ಟಿದವನೊಬ್ಬ ಮಾತ್ರ ಸಿಕ್ಕಿರಲಿಲ್ಲ.

ತಮ್ಮನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಕೀಬೋರ್ಡಿನ ಎಡಗಡೆ ಒಂದು ಚಕ್ರ ಇರುತ್ತದೆ. ತಿರುಗಿಸಿದರೆ ಸ್ವರ ಬಾಗುತ್ತದೆ. ಪಿಟೀಲಿನವನ ಬೆರಳು ತಂತಿಯ ಮೇಲೆ ಜಾರಿದ ಹಾಗೆ. ಅದಕ್ಕೆ ಪಿಚ್ ಬೆಂಡ್ ಎನ್ನುತ್ತಾರೆ. ತಮ್ಮ ಆ ಚಕ್ರವನ್ನು ಮುಟ್ಟುತ್ತಿರಲಿಲ್ಲ. ಸ್ಕ್ರಿಪ್ಟ್ ಬರೆಯುತ್ತಿದ್ದ. ಯಾವ ಸ್ವರ, ಎಷ್ಟು ಬಾಗಬೇಕು, ಎಷ್ಟು ನಿಧಾನಕ್ಕೆ, ಎಲ್ಲಿ ಕೊಂಚ ನಡುಗಬೇಕು, ಎಲ್ಲಾ ಅಂಕಿಗಳಲ್ಲಿ. ಅದು ಮಿಡಿ ಫೈಲಾಗುತ್ತಿತ್ತು. ಮಿಡಿಯಲ್ಲಿ ಶಬ್ದವೇ ಇರುವುದಿಲ್ಲ, ಬರೀ ಆಜ್ಞೆಗಳಿರುತ್ತವೆ. ಕಂಪ್ಯೂಟರಿನೊಳಗಿನ ವಾದ್ಯ ಆ ಆಜ್ಞೆಯಂತೆ ನುಡಿಯುತ್ತದೆ.

ಊರಿಗೇ ದೊಡ್ಡ ಪಿಟೀಲು ಮೇಷ್ಟ್ರು ಒಬ್ಬರಿದ್ದರು. ಲಕ್ವ ಹೊಡೆದು ಎಡಗೈ ಬಿದ್ದುಹೋಯಿತು. ಅವರ ಜಾರುಗಳನ್ನೆಲ್ಲ ನನ್ನ ತಮ್ಮ ಸ್ಕ್ರಿಪ್ಟಿಗೆ ಇಳಿಸಿದ್ದ, ಗುರುಭಕ್ತಿಯಿಂದ. ಅದು ಸಾಹುಕಾರನ ಕಿವಿಗೆ ಬಿತ್ತು. 'ಮೇಷ್ಟ್ರು ಮತ್ತೆ ನುಡಿಸಿದ್ದಾರೆ' ಎಂದು ಆಲ್ಬಮ್ ಮಾಡೋಣ ಎಂದ. ತಮ್ಮ ಒಪ್ಪಲಿಲ್ಲ. ಮರುವಾರ ತಮ್ಮನೇ ಇಲ್ಲ.

ನಾನೂ ತಮ್ಮನ ಹೆಂಡತಿಯೂ ಪೊಲೀಸರ ಹತ್ತಿರ ಹೋದೆವು. ಅವರು ಕರೆಸಿದಾಗ ಸಾಹುಕಾರ ನಗುತ್ತಾ ಹೇಳಿದ: "ಎಲ್ಲೋ ಏಕಾಂತದಲ್ಲಿ ಕೂತು ಕೆಲಸ ಮಾಡ್ತಿದಾನೆ ಸಾರ್. ಹಾಡು ಕಳಿಸ್ತಾನೇ ಇದಾನೆ, ನೋಡಿ." ಇನ್ಸ್‌ಪೆಕ್ಟರ್ ನನ್ನ ಕಡೆ ತಿರುಗಿದರು. "ಕೆಲಸ ಮಾಡ್ತಿದಾನಲ್ರೀ. ಇನ್ನೇನು ನಿಮ್ದು?"

ನಾಳೆ ಸಂಜೆ ಆಲ್ಬಮ್ ಬಿಡುಗಡೆ. ಬಿಡುಗಡೆಯಾದ ಮೇಲೆ ತಮ್ಮನಿಂದ ಸಾಹುಕಾರನಿಗೆ ಆಗಬೇಕಾದ್ದು ಏನೂ ಇಲ್ಲ. ಬಾಯಿ ಬಿಟ್ಟಾನು ಎಂಬ ಭಯ ಮಾತ್ರ ಇರುತ್ತದೆ. ಬದುಕಿದ್ದರೆ ನಾಳೆಯೊಳಗೆ ಸಿಗಬೇಕು. ಬದುಕಿದ್ದಾನೆಯೇ? ಅದು ಗೊತ್ತಾಗಲಿ ಎಂದೇ ಪೆನ್‌ಡ್ರೈವ್ ಕದ್ದದ್ದು.

ತಮ್ಮನ ಹೆಂಡತಿ ಬಾಗಿಲು ತೆಗೆದಳು. ಅವಳೂ ಅದೇ ಲೈನಿನವಳು, ಹಾಡುಗಳ ಎಡಿಟಿಂಗ್ ಮಾಡುತ್ತಾಳೆ. ನನ್ನ ಕುತ್ತಿಗೆ ನೋಡಿದಳು.

"ಏನಾಯ್ತು ಭಾವ?"

"ಏನಿಲ್ಲಮ್ಮ. ಕಾಲರ್ ಬಿಗಿ ಆಯ್ತು. ಇದನ್ನ ಹಾಕಿ ನೋಡು."

ಸ್ಪೀಕರಿನಿಂದ ಪಿಟೀಲು ಎದ್ದಿತು. ಮೊದಲು ಚೆನ್ನಾಗಿಯೇ ಇತ್ತು. ಆಮೇಲೆ ಜಾರು ಬಂತು. ಸ್ವರ ಮೇಲಕ್ಕೆ ಹೊರಟಿತು... ಹೋಗಬೇಕಾದಲ್ಲಿಗೆ ಹೋಗಲಿಲ್ಲ. ಸ್ವಲ್ಪ ಏರಿ ಅಲ್ಲೇ ನಿಂತುಬಿಟ್ಟಿತು. ಪ್ರತಿ ಸಲವೂ ಹಾಗೇ. ಕೇಳುತ್ತಿದ್ದರೆ ಹಲ್ಲು ಜುಮ್ಮೆನ್ನುತ್ತಿತ್ತು.

"ಇದು ಅವನದಲ್ಲ," ಎಂದೆ. "ಬೇರೆ ಯಾರೋ ಮಾಡಿದಾರೆ."

ಬೇರೆಯವರು ಮಾಡಿದ್ದಾರೆ ಎಂದರೆ ತಮ್ಮ ಇಲ್ಲ ಎಂದು ಅರ್ಥ. ಅಷ್ಟು ಗೊತ್ತಿದ್ದೂ ಎದೆಯೊಳಗೆ ಏನೂ ಅಲುಗಲಿಲ್ಲ. ಅದಕ್ಕೆ ನಾಚಿಕೆಯಾಯಿತು.

ಅವಳು ಪೆನ್‌ಡ್ರೈವಿನಲ್ಲೇ ಇದ್ದ ಸ್ಕ್ರಿಪ್ಟ್ ತೆರೆದಳು. ಸಾಲು ಸಾಲು ಅಂಕಿ. ನಡುವೆ ಅಲ್ಲಲ್ಲಿ ಕನ್ನಡ. ಸ್ಕ್ರಿಪ್ಟ್ ಬರೆಯುವವರು ನೆನಪಿಗೆಂದು ಬರೆದುಕೊಳ್ಳುವ ಟಿಪ್ಪಣಿಗಳಂತೆ, ಯಂತ್ರ ಅವನ್ನು ಓದುವುದಿಲ್ಲ. ಒಂದು ಕಡೆ ಅವಳ ಬೆರಳು ನಿಂತಿತು.

'ಇಲ್ಲಿ ನಿಧಾನಕ್ಕೆ ಇಳಿಯಬೇಕು, ನಮ್ಮನೆಯವಳ ಸಿಟ್ಟಿನ ಹಾಗೆ.'

"ಅವರೇ," ಎಂದಳು. "ಇದು ಹೊಸ ಹಾಡು, ಹೊಸದಾಗಿ ಬರೆದದ್ದು. ಅವರು ಇದಾರೆ ಭಾವ."

"ಮತ್ತೆ ಹೀಗ್ಯಾಕೆ ಕೆಟ್ಟಿದೆ?"

"ಬಾಗು ಅಂತ ಹೇಳಿದ್ರೆ ಸಾಲದು. ಪೂರ್ತಿ ಬಾಗಿದ್ರೆ ಎಷ್ಟು ಮೆಟ್ಟಿಲು ಹೋಗಬೇಕು ಅಂತ ವಾದ್ಯಕ್ಕೆ ಮೊದಲೇ ಹೇಳಬೇಕು. ಅದಕ್ಕೆ ರೇಂಜ್ ಅಂತಾರೆ. ಇಲ್ಲಿ ನೋಡಿ, ಮೊದಲ ಸಾಲು, ಹನ್ನೆರಡು ಅಂತ ಬರೆದಿದಾರೆ. ಆದ್ರೆ ಈ ಕೊನೆ ಹಾಡಿಗೆ ಸಾಹುಕಾರರ ಕಡೆಯವರು ಬೇರೆ ಪಿಟೀಲು ಸಾಫ್ಟ್‌ವೇರ್ ಹಾಕಿಸಿದಾರೆ. ಕೆಲವು ಸಾಫ್ಟ್‌ವೇರ್ ಆ ಮಾತು ಕೇಳಲ್ಲ. ತನ್ನ ಪಾಡಿಗೆ ಎರಡರಲ್ಲೇ ಇರುತ್ತೆ. ಅದಕ್ಕೇ ಇವರು ಬರೆದ ಮೇಲೆ ಒಂದ್ಸಲ ಕೇಳದೆ ಯಾರಿಗೂ ಕಳಿಸೋದಿಲ್ಲ. ಊಟಕ್ಕೆ ಕರೆದ್ರೂ ಬರಲ್ಲ, ಕೇಳಿಯೇ ಏಳೋದು."

"ಹಾಗಾದ್ರೆ?"

"ಬರೆದಿದ್ದು ಅವರೇ." ಅವಳ ದನಿ ಸಣ್ಣದಾಯಿತು. "ಆದ್ರೆ ಕೇಳಿಲ್ಲ."

"ಯಾಕೆ ಕೇಳಿಲ್ಲ?"

ಅವಳು ಫೋನ್ ಕೈಗೆ ತೆಗೆದುಕೊಂಡಳು. ಸಾಹುಕಾರನಿಗೇ ನೇರವಾಗಿ ಫೋನ್ ಮಾಡಿದಳು.

"ಸಾರ್, ನಮ್ಮ ಭಾವ ದುಡುಕಿ ಪೆನ್‌ಡ್ರೈವ್ ತಂದ್ಬಿಟ್ಟಿದಾರೆ. ತಪ್ಪಾಯ್ತು. ನಾನು ಕೇಳಿ ನೋಡಿದೆ, ಹಾಡು ಕೆಟ್ಟಿದೆ."

ಆ ಕಡೆಯಿಂದ ಬೈಗುಳ ಕೇಳಿಸಿತು. ಬೇಕಂತಲೇ ಕೆಡಿಸಿದ್ದಾನೆ, ಅವನಿಗೆ ಗ್ರಹಚಾರ ಬಿಡಿಸುತ್ತೇನೆ, ಹೀಗೆ.

"ಬೇಕಂತ ಕೆಡಿಸಿಲ್ಲ ಸಾರ್, ಬೈಬೇಡಿ. ಸರಿ ಮಾಡೋದು ನಂಗೊತ್ತು. ಒಂದು ಸಾಲು ಬದಲಾಯಿಸಿ ಪೆನ್‌ಡ್ರೈವಲ್ಲಿ ಹಾಕಿ ಕೊಡ್ತೀನಿ. ಆದ್ರೆ ಅವರು ಕೂತಿರೋ ಕಂಪ್ಯೂಟರಲ್ಲೇ ಓಡಿಸಬೇಕು. ಬೇರೆ ಕಡೆ ನಡೆಯಲ್ಲ. ಯಾರನ್ನಾದ್ರೂ ಕಳಿಸಿ."

"ಜಾಣೆ," ಎಂದ ಸಾಹುಕಾರ. ಅಷ್ಟು ದೂರದಲ್ಲಿ ನಿಂತ ನನಗೂ ಅದು ಕೇಳಿಸಿತು.

ಗೂಳಿಯೇ ಬಂದ. ಹಣೆಗೆ ಬ್ಯಾಂಡೇಜು. ಕಾರಿನಿಂದ ಇಳಿದವನು ಬಾಗಿಲಲ್ಲೇ ಪೆನ್‌ಡ್ರೈವ್ ಈಸಿಕೊಂಡ. "ನಿಮ್ಮ ಭಾವಂಗೆ ಹೇಳಿ, ಇನ್ನೊಂದು ಸಲ ಕೈಗೆ ಸಿಗಲಿ," ಎಂದ. ನಾನು ಎದುರು ಮನೆಯ ಕಾಂಪೌಂಡಿನ ಹಿಂದೆ ಸ್ಕೂಟರಿನ ಮೇಲೆ ಕೂತಿದ್ದೆ. ಅವನ ಆಸೆ ಬೇಗ ಈಡೇರುವುದಿತ್ತು.

ಕಾರು ಹೊರಟಿತು. ಹಿಂದೆ ನಾನು. ಸಿಗ್ನಲ್ಲಿನಲ್ಲಿ ಲಾರಿಯ ಮರೆ, ಸೇತುವೆಯ ಮೇಲೆ ಶಾಲೆಯ ವ್ಯಾನಿನ ಮರೆ. ರೈಲ್ವೆ ಗೇಟು ಬೀಳುತ್ತಿತ್ತು. ಅವನು ನುಗ್ಗಿಸಿಕೊಂಡು ಹೋದ. ನಾನು ತಲೆ ಬಗ್ಗಿಸಿ ಕಂಬದ ಕೆಳಗೆ ತೂರಿದೆ. ಗೇಟಿನವನು ನನ್ನ ಇಡೀ ವಂಶವನ್ನು ನೆನೆದ.

ಕಾರು ನಿಂತದ್ದು ದೊಡ್ಡದೊಂದು ಲಾಂಡ್ರಿಯ ಹಿಂದೆ. ಆಸ್ಪತ್ರೆ, ಹೋಟೆಲುಗಳ ಬೆಡ್‌ಶೀಟ್ ಒಗೆಯುವ ಜಾಗ. ಒಳಗೆ ಯಂತ್ರಗಳ ಗದ್ದಲ. ಪಕ್ಕದವನ ಮಾತು ಕೇಳಬೇಕಾದರೆ ಕಿವಿಗೆ ಬಾಯಿ ಇಡಬೇಕು. ಮನುಷ್ಯನನ್ನು ಬಚ್ಚಿಡಲು ಸಾಹುಕಾರ ಒಳ್ಳೆಯ ಜಾಗವನ್ನೇ ಹುಡುಕಿದ್ದ. ಇನ್ಸ್‌ಪೆಕ್ಟರಿಗೆ ವಿಳಾಸ ಮೆಸೇಜ್ ಮಾಡಿ ಒಳಗೆ ನುಗ್ಗಿದೆ.

ಒದ್ದೆ ಬಟ್ಟೆಯ ಟ್ರಾಲಿಗಳ ನಡುವೆ ಗೂಳಿ ಹೋಗುತ್ತಿದ್ದ. ಇಸ್ತ್ರಿ ಯಂತ್ರದ ಹಬೆಯಲ್ಲಿ ಅವನ ಬ್ಯಾಂಡೇಜು ಮಾತ್ರ ಬೆಳ್ಳಗೆ ಕಾಣುತ್ತಿತ್ತು. ತುಂಬಿದ ಟ್ರಾಲಿಯೊಂದನ್ನು ಹಿಡಿದು ಬಲವಾಗಿ ನೂಕಿದೆ. ಮಂಡಿಯ ಹಿಂದಕ್ಕೆ ಬಡಿಯಿತು. ಬಿದ್ದ, ಎದ್ದ, ಚಾಕು ತೆಗೆದ.

"ನೀನಾ?"

"ಕೈಗೆ ಸಿಗಲಿ ಅಂದ್ಯಲ್ಲ. ಸಿಕ್ಕಿದೀನಿ."

ಚಾಕು ನನ್ನ ತೋಳು ಸೀಳಿತು. ರಕ್ತ ಬಂತು. ನೋವು ಬರಲಿಲ್ಲ. ಟ್ರಾಲಿಯಿಂದ ಒದ್ದೆ ಬೆಡ್‌ಶೀಟ್ ಎಳೆದು ಅವನ ತಲೆಯ ಮೇಲೆ ಹಾಕಿದೆ, ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಕುರುಡಾಗಿ ಕೈ ಬೀಸುತ್ತಾ ತಿರುಗಿದ. ಹಿಂದಿನಿಂದ ಒದ್ದೆ. ಟ್ರಾಲಿಯೊಳಗೆ ತಲೆಕೆಳಗಾಗಿ ಹೋದ. ಇಡೀ ಟ್ರಾಲಿಯನ್ನೇ ಅವನ ಮೇಲೆ ಮಗುಚಿ ಚಾಕನ್ನು ದೂರಕ್ಕೆ ಒದ್ದೆ. ಕೆಲಸದ ಹೆಂಗಸರು ಸುತ್ತ ನಿಂತು ನೋಡುತ್ತಿದ್ದರು.

"ಆ ಕಂಪ್ಯೂಟರಿನವನು ಎಲ್ಲಿ?"

ಒಬ್ಬಾಕೆ ಮೂಲೆಯ ಬಾಗಿಲು ತೋರಿಸಿದಳು. "ಆವಯ್ಯಂಗೆ ಊಟ ಕೊಡೋಕೆ ಹೋದ್ರೆ ಭುಜ ಮುಟ್ಟಬೇಕು ನೋಡಿ. ಕರೆದ್ರೆ ಆಗಲ್ಲ."

ಹೊರಗಿನಿಂದ ಚಿಲಕ. ತೆಗೆದೆ. ತಮ್ಮ ಬೆನ್ನು ಮಾಡಿ ಕೂತಿದ್ದ. ಕಿವಿಗೆ ಹೆಡ್‌ಫೋನ್ ಇರಲಿಲ್ಲ, ಮೇಜಿನ ಮೇಲೆ ಧೂಳು ಹಿಡಿದು ಬಿದ್ದಿತ್ತು. ಪರದೆಯ ಮೇಲೆ ಅಂಕಿಗಳು.

"ಲೋ," ಎಂದೆ.

ತಿರುಗಲಿಲ್ಲ.

"ಲೋ ತಮ್ಮಾ..."

ಬೆರಳುಗಳು ಟೈಪ್ ಮಾಡುತ್ತಲೇ ಇದ್ದವು. ಭುಜ ಮುಟ್ಟಿದೆ. ಹೊಡೆತ ತಪ್ಪಿಸಿಕೊಳ್ಳುವವನ ಹಾಗೆ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. ಆಗ ಗೊತ್ತಾಯಿತು, ಕಿವಿಗೆ ಹೊಡೆದು ಕಿವುಡು ಮಾಡಿದ್ದಾರೆ. ಗೂಳಿಯ ಅಂಗೈ ಎಷ್ಟು ಅಗಲ ಎಂದು ನನ್ನ ಕುತ್ತಿಗೆ ಬಲ್ಲದು.

"ಅಣ್ಣಾ!" ಎಂದ. ಇಡೀ ಲಾಂಡ್ರಿಗೆ ಕೇಳುವಷ್ಟು ಜೋರಾಗಿ. "ಹಾಡು ಹೇಗಿದೆ ಅಣ್ಣ? ಸರಿಯಾಗಿದೆಯಾ? ನಂಗೆ ಚೆಕ್ ಮಾಡೋಕಾಗ್ಲಿಲ್ಲ!"

ಪ್ರಾಣ ಹೋಗುವುದರಲ್ಲಿದೆ, ಇವನಿಗೆ ಹಾಡಿನ ಚಿಂತೆ. ಸರಿಯಾಗಿದೆ ಎಂದು ತಲೆ ಆಡಿಸಿದೆ. ಇನ್ನೇನು ಮಾಡಲಿ, ಹೇಳಿ.

ಪೊಲೀಸರು ಬಂದರು, ಎಲ್ಲಾ ಮುಗಿದ ಮೇಲೆ, ಅವರ ವಾಡಿಕೆಯಂತೆ. ಗೂಳಿಯನ್ನು ಬೆಡ್‌ಶೀಟಿನ ಸಮೇತ ಜೀಪಿಗೆ ಹಾಕಿದರು. ಸಾಹುಕಾರನನ್ನು ಮರುದಿನ ಬಿಡುಗಡೆಯ ಸಭಾಂಗಣದಲ್ಲೇ ಹಿಡಿದರು, ಮೈತುಂಬಾ ಸೆಂಟು ಹಾಕಿಕೊಂಡಿದ್ದನಂತೆ.

ಕಿವಿಯ ಡಾಕ್ಟರು ಒಳಗೆ ಇಣುಕಿ ನೋಡಿದರು. ಎಡಗಿವಿ ಹೋಗಿದೆ. ಬಲಗಿವಿ ಆಪರೇಷನ್ ಮಾಡಿದರೆ ಅಷ್ಟಿಷ್ಟು ಬರಬಹುದು. ಪಿಟೀಲಿನ ಜಾರು ಕೇಳುವಷ್ಟು ಬರುತ್ತದೆಯೇ ಎಂದು ಕೇಳಿದೆ. ಅವರು ನನ್ನ ತೋಳಿನ ಹೊಲಿಗೆಯ ಬಗ್ಗೆ ಮಾತಾಡಿದರು.

ವಾರ್ಡಿನಲ್ಲಿ ತಮ್ಮನ ಹೆಂಡತಿ ಲ್ಯಾಪ್‌ಟಾಪ್ ಬಿಚ್ಚಿ ಅವನ ತೊಡೆಯ ಮೇಲೆ ಇಟ್ಟಳು. ಟೈಪ್ ಮಾಡಿದಳು: 'ಹಾಡು ಕೆಟ್ಟಿತ್ತು. ಸಾಫ್ಟ್‌ವೇರ್ ರೇಂಜ್ ತಗೊಂಡಿಲ್ಲ. ಎರಡರಲ್ಲೇ ಇತ್ತು.'

ನಾನು ಅವಳ ಕೈ ಹಿಡಿದೆ. "ಬೇಡಮ್ಮ... ಈಗಲೇ ಯಾಕೆ?"

"ನಾವು ಸುಳ್ಳು ಹೇಳೋಕೆ ಶುರು ಮಾಡಿದ್ರೆ ಅವರು ಇನ್ಯಾರ ಕಿವಿ ನಂಬ್ತಾರೆ ಭಾವ?"

ಅವನು ಓದಿದ. ಮೂಗು ಒರೆಸಿಕೊಂಡ. ನಿಧಾನವಾಗಿ ಒಂದು ಸಾಲು ಬರೆದು ಅವಳ ಕಡೆ ತಿರುಗಿಸಿದ. ಅವಳು ಇಯರ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೇಳಿದಳು. ಅವನು ಅವಳ ಮುಖವನ್ನೇ ನೋಡುತ್ತಿದ್ದ. ಅವಳ ಹುಬ್ಬು ಮೇಲೇರಿತು. ಇನ್ನೂ ಮೇಲೇರಿತು... ಸ್ವರ ಮುಟ್ಟಬೇಕಾದಲ್ಲಿಗೆ ಮುಟ್ಟಿತೆಂದು ಅವನಿಗೆ ಗೊತ್ತಾಯಿತು. ಅವಳು ಕಣ್ಣು ತೆರೆದು ಕಾಫಿ ತರುತ್ತೇನೆ ಎಂದು ಹೊರಗೆ ಹೋದಳು. ಕಾಫಿ ತರಲು ಯಾರೂ ಅಷ್ಟು ಅವಸರದಲ್ಲಿ ಹೋಗುವುದಿಲ್ಲ.

ಆಗ ತೋಳು ನೋಯತೊಡಗಿತು. ಕುತ್ತಿಗೆಯೂ. ಇಷ್ಟು ದಿನದ್ದೆಲ್ಲ ಒಟ್ಟಿಗೆ ಬಂತು. ಮಂಚದ ಪಕ್ಕ ಕೂತೆ. ನೆಲ ನೋಡುತ್ತಾ ಹೇಳಿದೆ: "ನೀನು ಸತ್ತಿದ್ರೆ ನಾನೂ ಉಳೀತಿರಲಿಲ್ಲ ಕಣೋ."

ಹುಟ್ಟಿದಾಗಿನಿಂದ ಅವನ ಜೊತೆ ಅಂಥ ಮಾತು ಆಡಿದವನಲ್ಲ.

ತುಟಿ ಅಲ್ಲಾಡಿದ್ದು ಕಂಡಿರಬೇಕು. "ಏನಂದೆ ಅಣ್ಣ?" ಎಂದ, ಇಡೀ ವಾರ್ಡು ತಿರುಗಿ ನೋಡುವಷ್ಟು ಜೋರಾಗಿ.

ಲ್ಯಾಪ್‌ಟಾಪ್ ನನ್ನ ಕಡೆ ಎಳೆದುಕೊಂಡು ಒಂದೇ ಬೆರಳಿನಲ್ಲಿ ಟೈಪ್ ಮಾಡಿದೆ: 'ಊಟ ಆಯ್ತಾ ಅಂದೆ.'