ಆಸ್ಟ್ರಕಾನ್ ಮೇಲಿನ ಹೆಸರು

"ಅಂಕಲ್, ವೋಟಿಂಗಲ್ಲಿ ಮೋಸ ಆಗಿದೆ. ನಾಗ್‌ನ ಬೇಕಂತಲೇ ಕಳಿಸಿದಾರೆ," ಎಂದಳು ಹರ್ಷಿತಾ.

ಅದು ೨೦೦೧ರ ಮಾತು. ನನ್ನ ಯಜಮಾನರು ದ್ವಾರಕಾನಾಥರು ಮೈಸೂರಿನಲ್ಲಿ ಇತಿಹಾಸದ ಮೇಷ್ಟ್ರಾಗಿದ್ದವರು. ಅಮೆರಿಕದ ಡ್ಯಾನ್‌ವಿಲ್ಲಿಗೆ ಬಂದ ಮೇಲೆ ಸುತ್ತಲಿನ ಕನ್ನಡಿಗರ ಪಾಲಿಗೆ ಪತ್ತೇದಾರರಾಗಿದ್ದರು.

ಹರ್ಷಿತಾ ಕೆಲಸ ಮಾಡುತ್ತಿದ್ದ ಎಮರಿವಿಲ್ಲಿನ ಪುಟ್ಟ ಕಂಪನಿ, ಪ್ರಾಚೀನ ಗ್ರೀಸಿನ ಬಗ್ಗೆ ಮಕ್ಕಳ ಕಂಪ್ಯೂಟರ್ ಆಟ ಮಾಡುತ್ತಿತ್ತು. ಒಬ್ಬರನ್ನು ತೆಗೆಯಬೇಕಾಗಿ ಬಂದಾಗ ಮಾಲೀಕ ಶಿವಪ್ರಕಾಶ್ ಅಥೆನ್ಸಿನ ಪದ್ಧತಿ ಹಿಡಿದ. ಅಲ್ಲಿ ಜನ ಮಡಕೆಚೂರಿನ ಮೇಲೆ ಹೆಸರು ಗೀಚಿ ಒಬ್ಬನನ್ನು ಊರಿಂದ ಹೊರಹಾಕುತ್ತಿದ್ದರು. ಆ ಚೂರೇ ಆಸ್ಟ್ರಕಾನ್. ಶಿವಪ್ರಕಾಶ್ ಎಲ್ಲರೆದುರು ಹೂಕುಂಡ ಒಡೆದು ಕೆಲಸದ ನಾಲ್ವರಿಗೂ ಚೂರು ಹಂಚಿದ. ಅವರು ಬರೆದು ಹಾಕಿದ ಚೂರುಗಳ ಬುಟ್ಟಿ ಊಟದ ಹೊತ್ತಿನಲ್ಲಿ ಮೇಜಿನ ಮೇಲೇ ಇತ್ತು. ಆಮೇಲೆ ಓದಿದರೆ ನಾಲ್ಕರಲ್ಲೂ ಚಿತ್ರಕಾರ ನಾಗಾರ್ಜುನನ ಹೆಸರು.

"ನಾನು ಏನೂ ಬರೀದೆ ಹಾಕಿದ್ದೆ. ನನ್ನ ಚೂರು ಎಲ್ಲಿ ಹೋಯ್ತು? ಇದು ನಮ್ಮ ಜೊತೆ ಕೆಲಸ ಮಾಡೋ ಗುರುಪ್ರಸಾದನ ಕೈವಾಡ, ಅವನಿಗೂ ನಾಗ್‌ಗೂ ಆಗ್ತಿರಲಿಲ್ಲ. ಕೆಲಸದ ಜೊತೆ ವೀಸಾನೂ ಹೋಗಿ ನಾಗ್ ಇಂಡಿಯಾಗೆ ಹೋಗ್ಬಿಟ್ಟ."

ಮರುದಿನ ಆಫೀಸಿಗೆ ಹೋದೆವು. ಒಡೆದ ಕುಂಡದ ಒಳಮೈಗೆ ನೀಲಿ ಬಣ್ಣವಿತ್ತು. ಬುಟ್ಟಿಯ ಚೂರುಗಳು ಬರೀ ಕೆಂಪು. ಎಲ್ಲದರ ಮೇಲೂ ಒಂದೇ ಕೈಬರಹ: ನಾಗಾರ್ಜುನ.

"ಶೈಲಜಾ, ಪೂರ್ತಿ ಹೆಸರು ನೋಡು," ಎಂದರು ಇವರು. ನನಗೇನೂ ಹೊಳೆಯಲಿಲ್ಲ.

ಶನಿವಾರ ಎಲ್ಲರನ್ನೂ ನಮ್ಮ ಮನೆಗೆ ಕರೆಸಿದರು.

"ಥೆಮಿಸ್ಟೊಕ್ಲಿಸ್ ಅನ್ನೋ ನಾಯಕನ ಹೆಸರಿನ ರಾಶಿ ಚೂರು ಅಥೆನ್ಸಿನ ಒಂದು ಬಾವೀಲಿ ಸಿಕ್ಕವು. ಬರೆದದ್ದು ಕೆಲವೇ ಜನ, ಮುಂಚೇನೇ ತಯಾರು ಮಾಡಿಟ್ಟದ್ದು. ಇಲ್ಲೂ ಯಾರೋ ಬೇರೆ ಕುಂಡ ಒಡೆದು, ಬರೆದು, ಬದಲಾಯಿಸಿದಾರೆ. ಆದ್ರೆ ನೀವೆಲ್ಲ ಅವನನ್ನ ನಾಗ್ ಅಂತೀರಿ. ಪೂರ್ತಿ ಹೆಸರು ಬರೆಯೋನು ಅವನೊಬ್ಬನೇ."

ಇವರು ಕೆಂಪು ಚೂರೊಂದನ್ನು ಮೇಜಿನ ಮೇಲಿಟ್ಟರು.

"ನಿನ್ನೆ ಫೋನಲ್ಲಿ ಒಪ್ಕೊಂಡ. ಊಟದ ಹೊತ್ತಲ್ಲಿ ಬುಟ್ಟಿ ನೋಡಿ, ಚೂರುಗಳನ್ನ ತಾನೇ ಬದಲಾಯಿಸಿದನಂತೆ. ಅಥೆನ್ಸಿನ ಇನ್ನೊಬ್ಬ ನಾಯಕ ಅರಿಸ್ಟೈಡಿಸ್‌ನನ್ನ, ಅವನ ಗುರುತಿಲ್ಲದ ಓದುಬಾರದವನೊಬ್ಬ 'ಅರಿಸ್ಟೈಡಿಸ್ ಅಂತ ಬರೆದುಕೊಡು' ಅಂತ ಕೇಳಿದಾಗ, ಚೂರಿನ ಮೇಲೆ ತನ್ನ ಹೆಸರನ್ನ ತಾನೇ ಬರೆದುಕೊಟ್ಟ ಅಂತಾರೆ. ನಾಗಾರ್ಜುನನ್ನ ಯಾರೂ ಕೇಳಲೂ ಇಲ್ಲ."

"ಬುಟ್ಟೀಲಿ ಯಾರ ಹೆಸರಿತ್ತು?" ಹರ್ಷಿತಾ ಕೇಳಿದಳು.

ಇವರು ಗುರುಪ್ರಸಾದನತ್ತ ತಿರುಗಿದರು. "ನೀವು ಬರೆದ ಹೆಸರು ಬರಲೇ ಇಲ್ಲ. ಯಾಕೆ ಸುಮ್ಮನಿದ್ರಿ?"

ಅವನು ತಲೆ ಎತ್ತಲಿಲ್ಲ. "ಸಂಜೆಯಾದ್ರೆ ಡೇಕೇರ್‌ಗೆ ಓಡ್ತಾಳೆ ಅಂತ... ಹರ್ಷಿತಾ ಅಂತ ಬರೆದಿದ್ದೆ."

"ನಾನೂ ಅದೇ," ಎಂದಳು ನಾಲ್ಕನೆಯವಳಾದ ನಿಸರ್ಗಾ.

ಹರ್ಷಿತಾಳ ಗಂಡನ ಕೆಲಸ ಆಗಲೇ ಹೋಗಿತ್ತು. ಸಂಸಾರ ಇಲ್ಲಿ ಉಳಿಯಬೇಕಾದರೆ ಅವಳ ಕೆಲಸವೊಂದೇ ಆಧಾರ. ಅದು ನಾಗಾರ್ಜುನನಿಗೆ ಗೊತ್ತಿತ್ತು.

"ಅವನನ್ನ ವಾಪಸ್ ಕರೆಸ್ತೀರಾ?" ಎಂದು ಅವಳು ಶಿವಪ್ರಕಾಶನನ್ನು ಕೇಳಿದಳು.

"ಆಗಲ್ಲ ಹರ್ಷಿತಾ," ಎಂದ ಅವನು, ಮೆಲ್ಲಗೆ.

ಸೋಮವಾರ ಅವಳು ಅದೇ ಆಫೀಸಿಗೆ ಹೋದಳು, ಅದೇ ಇಬ್ಬರ ನಡುವೆ ಕೂತಳು. ನಾಗಾರ್ಜುನ ಅರ್ಧಕ್ಕೆ ಬಿಟ್ಟುಹೋದ ಅಥೆನ್ಸಿನ ಚಿತ್ರಗಳನ್ನು ಮುಗಿಸುವ ಕೆಲಸ ಅವಳ ಪಾಲಿಗೆ ಬಂದಿತ್ತು.