ಮುಕ್ಕಾದ ಅಲಗು

ಸೋಮವಾರ ಬೆಳಿಗ್ಗೆ ಠಾಣೆಯ ಕಸ ಗುಡಿಸಿ ಮುಗಿಯುವ ಮೊದಲೇ ಕಂಟ್ರಾಕ್ಟರು ದೂರು ಹೊತ್ತು ಬಂದ. ಬರುವಾಗ ತನ್ನ ಕಂಬಿ ಮೇಸ್ತ್ರಿಯನ್ನೂ ರಟ್ಟೆ ಹಿಡಿದು ಎಳೆದುಕೊಂಡೇ ಬಂದಿದ್ದ.

"ಬರ್ಕೊಳ್ಳಿ ಮೇಡಂ. ನಿನ್ನೆ ಭಾನುವಾರ ಕೆಲಸ ಇಲ್ಲದಾಗ ಮೂರನೇ ಮಹಡೀಲಿ ನಾಲ್ಕು ಕಂಬದ ಕಂಬಿ ಕತ್ತರಿಸಿ ಹಾಕಿದಾನೆ. ನಾಳೆ ಕಾಂಕ್ರೀಟ್ ಹಾಕ್ಬೇಕಿತ್ತು."

"ಕತ್ತರಿಸಿದ್ದನ್ನ ಯಾರು ನೋಡಿದ್ರು?" ಎಂದು ಇನ್ಸ್‌ಪೆಕ್ಟರ್ ಕೇಳಿದರು.

"ನೋಡೋದೇನು? ಈ ಕಂಬ ಹೇಗೆ ಮೇಲೇಳುತ್ತೋ ನೋಡ್ತೀನಿ ಅಂತ ಶನಿವಾರ ಎಲ್ಲರ ಮುಂದೆ ಅಂದಿದ್ದ."

"ಅಂದಿದ್ದೆ," ಎಂದ ಮೇಸ್ತ್ರಿ. "ನನ್ನ ತಮ್ಮ ಅದೇ ಮಹಡಿಯಿಂದ ಬಿದ್ದು ತಿಂಗಳಾಯ್ತು, ಇನ್ನೂ ಎದ್ದು ಕೂತಿಲ್ಲ. ಹೊಟ್ಟೆ ಉರಿದು ಅಂದೆ. ಕಂಬಿ ಮುಟ್ಟಿಲ್ಲ."

ಆಸ್ತಿಗೆ ಹಾನಿ ಮಾಡಿದ ಬಗ್ಗೆ ಎಫ್‌ಐಆರ್ ದಾಖಲಾಯಿತು. ಮೇಸ್ತ್ರಿಯನ್ನು ಬೆಂಚಿನ ಮೇಲೆ ಕೂರಿಸಿದರು. ಗೇಟಿನ ಹೊರಗೆ ಅವನ ತಂಡದ ಆಳುಗಳು ಕೆಲಸ ಬಿಟ್ಟು ನಿಂತಿದ್ದರು. ಬಂಧನದ ಸುದ್ದಿ ಹಬ್ಬಿದರೆ ಈ ಮೇಸ್ತ್ರಿಯನ್ನು ಊರಿನಲ್ಲಿ ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ತಮ್ಮನ ಔಷಧಿಯೂ ಅಲ್ಲಿಗೇ ನಿಲ್ಲುತ್ತದೆ. ಇನ್ಸ್‌ಪೆಕ್ಟರ್ ಬಂಧನದ ನಮೂನೆಗೆ ಸಹಿ ಹಾಕದೆ, ದಫೇದಾರರನ್ನೂ ಕಂಟ್ರಾಕ್ಟರನನ್ನೂ ಕರೆದುಕೊಂಡು ಜೀಪು ಹತ್ತಿದರು.

ಕಟ್ಟಡದ ಬಾಗಿಲಲ್ಲಿ ಸೇಫ್ಟಿ ಸೂಪರ್‌ವೈಸರ್ ಹೆಲ್ಮೆಟ್ ಹಿಡಿದು ಕಾಯುತ್ತಿದ್ದ. ಆಳುಗಳು ಅವನಿಗಿಟ್ಟ ಅಡ್ಡಹೆಸರು 'ಪಟ್ಟಿ ಸಾರ್'.

"ಪಟ್ಟಿ ಬಿಗಿ ಮಾಡ್ಕೊಳ್ಳಿ ಸಾರ್," ಎಂದು ಅವನು ದಫೇದಾರರ ಗಲ್ಲದ ಕೆಳಗೆ ಬೆರಳು ತೋರಿಸಿದ.

"ನನಗೆ ಗಲ್ಲ ಎರಡಿದೆಯಲ್ಲಪ್ಪ, ಯಾವುದಕ್ಕೆ ಬಿಗೀಲಿ?"

"ಎರಡಕ್ಕೂ ಸೇರಿಸಿ." ಅವನು ನಗಲಿಲ್ಲ.

ಮೂರನೆಯ ಮಹಡಿಯಲ್ಲಿ ಪಂಚನಾಮೆ ಆರಂಭವಾಯಿತು. ಮೇಲಿನ ಮಹಡಿಗೆ ಕಂಬ ಎಬ್ಬಿಸಲು ಬಿಟ್ಟಿದ್ದ ಹದಿನಾರು ಮಿಲಿಮೀಟರಿನ ಕಂಬಿಗಳು ನೆಲದಿಂದ ಒಂದು ಗೇಣು ಎತ್ತರದಲ್ಲಿ ತುಂಡಾಗಿದ್ದವು. ಪ್ರತಿ ಮೋಟಿನ ತಲೆಗೂ ಕೆಂಪು ಪ್ಲಾಸ್ಟಿಕ್ ಟೋಪಿ.

"ಈ ಟೋಪಿ ಯಾರು ಹಾಕಿದ್ರು?"

"ಯಾರಿಗ್ಗೊತ್ತು," ಎಂದ ಕಂಟ್ರಾಕ್ಟರು. "ಸ್ಟೋರಲ್ಲಿ ಒಂದು ಮೂಟೆ ಬಿದ್ದಿತ್ತು. ಯಾರೂ ಬಳಸಲ್ಲ."

ಇನ್ಸ್‌ಪೆಕ್ಟರ್ ಮಂಡಿಯೂರಿ ಒಂದು ಟೋಪಿ ಕಿತ್ತು ಭೂತಗನ್ನಡಿ ಹಿಡಿದರು. ಗ್ಯಾಸಿನ ಜ್ವಾಲೆಯಿಂದ ಕೊಯ್ದಿದ್ದರೆ ಕಬ್ಬಿಣ ಕರಗಿ ಗಟ್ಟಿಯಾದ ಗುರುತಿರಬೇಕು. ತಿರುಗುವ ಕಲ್ಲಿನ ಚಕ್ರವಾಗಿದ್ದರೆ ತುದಿ ನೀಲಿಗಟ್ಟಿರಬೇಕು, ಪಕ್ಕದ ಹಲಗೆಗಳಲ್ಲಿ ಕಿಡಿ ಸುಟ್ಟ ಚುಕ್ಕೆಗಳಿರಬೇಕು, ಅದರ ಸದ್ದು ಕೆಳಗಿದ್ದ ಕಾವಲುಗಾರನ ಕಿವಿಗೂ ಬೀಳಬೇಕಿತ್ತು. ಗರಗಸವಾಗಿದ್ದರೆ ಸಮಾನಾಂತರ ಗೀರುಗಳು, ನೆಲದ ಮೇಲೆ ಕಬ್ಬಿಣದ ಹುಡಿ. ಇವು ಯಾವುವೂ ಇರಲಿಲ್ಲ. ತುದಿ ಎರಡು ಕಡೆಯಿಂದ ಚಿವುಟಿದಂತೆ ಇಳಿಜಾರಾಗಿ, ನಡುವೆ ಮನೆಯ ಮಾಡಿನ ಏಣಿನಂತೆ ಕೂಡಿತ್ತು.

"ಒತ್ತಿ ಕತ್ತರಿಸಿದಾರೆ. ಶಾಖವಿಲ್ಲ, ಕಿಡಿಯಿಲ್ಲ, ಸದ್ದಿಲ್ಲ. ನಿಮ್ಮಲ್ಲಿ ಕತ್ತರಿ ಇದೆಯಾ?"

"ಕೆಳಗೆ ಉದ್ದ ಹಿಡಿಯ ಸನ್ನೆ ಕತ್ತರಿ ಇದೆ. ದಿಮ್ಮಿಗೆ ಬೋಲ್ಟ್ ಹಾಕಿ ಕೂರಿಸಿದೀವಿ."

"ನಿಂತ ಕಂಬಿ ಕೆಳಗಿಳಿದು ಅದರ ಬಾಯಿಗೆ ಹೋಗಲ್ಲವಲ್ಲ. ಇದು ಕೈಯಲ್ಲಿ ಹೊತ್ತು ತಂದ ಹೈಡ್ರಾಲಿಕ್ ಕಟರ್."

ಎರಡನೆಯ ಮೋಟು, ಮೂರನೆಯದು, ನಾಲ್ಕನೆಯದು. ಇನ್ಸ್‌ಪೆಕ್ಟರ್ ಕೈ ಚುರುಕಾಯಿತು. ಪ್ರತಿಯೊಂದರ ಒಂದು ಇಳಿಜಾರಿನ ಮೇಲೂ ಅದೇ ಜಾಗದಲ್ಲಿ ನೂಲಿನಷ್ಟು ತೆಳುವಾದ ಉಬ್ಬುಗೆರೆ.

"ದಫೇದಾರ್ರೇ, ಅಲಗು ಎಲ್ಲೋ ಮುಕ್ಕಾಗಿದೆ. ಮುಕ್ಕಿದ್ದಲ್ಲಿ ಕಬ್ಬಿಣ ಒತ್ತಿಲ್ಲ, ಉಬ್ಬಿಕೊಂಡಿದೆ. ಆ ಅಲಗು ಸಿಕ್ಕರೆ ಆಳೂ ಸಿಕ್ಕ ಹಾಗೆ."

ಮೂರು ಮೋಟುಗಳನ್ನು ಗರಗಸದಿಂದ ಬುಡದಲ್ಲಿ ಕೊಯ್ದು ಮೊಹರು ಮಾಡಲಾಯಿತು. ಪಂಚರಲ್ಲೊಬ್ಬನಾಗಿ ಪಟ್ಟಿ ಸಾರ್ ಸಹಿ ಹಾಕಿದ.

ಊರಿನಲ್ಲಿ ಅಂಥ ಕಟರ್ ಬಾಡಿಗೆಗೆ ಕೊಡುವ ಅಂಗಡಿಗಳು ಎರಡೇ. ಮೊದಲನೆಯದರ ಅಲಗು ನುಣ್ಣಗಿತ್ತು. ಎರಡನೆಯ ಅಂಗಡಿಯವನು ಕಟರನ್ನು ಮೇಜಿನ ಮೇಲೆ ಕುಕ್ಕಿದ.

"ಯಾವನೋ ಪುಣ್ಯಾತ್ಮ ಲಾರಿ ಸ್ಪ್ರಿಂಗ್ ಕತ್ತರಿಸೋಕೆ ಹೋಗಿ ಅಲಗು ಮುಕ್ಕು ಮಾಡಿಟ್ಟಿದಾನೆ, ನೋಡಿ."

"ಹದಿನಾರರ ತುಂಡು ಕಂಬಿ ಇದೆಯಾ? ಕತ್ತರಿಸಿ."

ಅಂಗಡಿಯವನು ಕೈಪಂಪು ಒತ್ತಿದ. ಅಲಗುಗಳು ಸಾವಕಾಶವಾಗಿ ಕಂಬಿಯೊಳಗೆ ಇಳಿದವು. ಟಕ್ ಎಂದು ಕಂಬಿ ಎರಡಾಯಿತು. ಇನ್ಸ್‌ಪೆಕ್ಟರ್ ಮುಟ್ಟಿ ನೋಡಿದರು, ತಣ್ಣಗಿತ್ತು. ಮೊಹರು ಒಡೆದು ಹಳೆಯ ತುಂಡನ್ನು ಪಕ್ಕಕ್ಕಿಟ್ಟು ಭೂತಗನ್ನಡಿ ಹಿಡಿದರು. ಅದೇ ಗೆರೆ, ಅದೇ ಜಾಗ, ಅದೇ ಬಾಗು.

"ನೀವೂ ನೋಡಿ ದಫೇದಾರ್ರೇ."

"ಅವಳಿ ಜವಳಿ ಮೇಡಂ," ಎಂದರು ದಫೇದಾರರು.

"ಭಾನುವಾರ ಯಾರು ಒಯ್ದಿದ್ರು?"

"ಹೆಸರು ಏನೋ ಹೇಳಿದ, ನಿಜವೋ ಸುಳ್ಳೋ. ಆದ್ರೆ ಆಸಾಮಿ ಮರೆಯೋ ಹಾಗಿಲ್ಲ. ಕಿಡಿ ಹಾರಲ್ಲ ತಾನೇ ಅಂತ ಎರಡು ಸಲ ಕೇಳಿದ. ಆಮೇಲೆ ಕಣ್ಣಿಗೆ ಕನ್ನಡಕ, ಕೈಗೆ ಗವಸು ಕೊಡಿ ಅಂದ. ಇಷ್ಟು ವರ್ಷ ಅಂಗಡಿ ಇಟ್ಟಿದೀನಿ, ಕನ್ನಡಕ ಕೇಳಿದ ಗಿರಾಕಿ ಅವನೊಬ್ಬನೇ."

ದಫೇದಾರರ ಕೈ ತನಗೆ ತಾನೇ ಗಲ್ಲದ ಕೆಳಗೆ ಹೋಯಿತು. "ಮೇಡಂ, ಪಟ್ಟಿ..."

"ಕೆಂಪು ಟೋಪಿ," ಎಂದರು ಇನ್ಸ್‌ಪೆಕ್ಟರ್. "ಸೇಡಿಗೆ ಕತ್ತರಿಸೋನು ಮೋಟಿಗೆ ಟೋಪಿ ತೊಡಿಸ್ತಾನಾ? ಯಾರಾದ್ರೂ ಎಡವಿ ಅದರ ಮೇಲೆ ಬಿದ್ದಾರು ಅನ್ನೋ ಭಯ ಇರೋನು ತೊಡಿಸ್ತಾನೆ. ಗಾಡಿ ತಿರುಗಿಸಿ."

ಮಧ್ಯಾಹ್ನ ಎರಡು ಗಂಟೆಗೆ ಕಟ್ಟಡದ ಬಾಗಿಲಲ್ಲಿ, ಪೊಲೀಸರ ಜೊತೆ ಜೀಪಿನಿಂದಿಳಿದ ಅಂಗಡಿಯವನನ್ನು ಕಂಡೊಡನೆ ಪಟ್ಟಿ ಸಾರ್ ಕೈಯಲ್ಲಿದ್ದ ಹೆಲ್ಮೆಟನ್ನು ಕೆಳಗಿಟ್ಟ. "ಇವನೇ," ಎಂದು ಅಂಗಡಿಯವನು ಗುರುತಿಸಿದ.

"ನಿನ್ನೆ ಎಲ್ಲಿದ್ರಿ?"

"ಮೂರನೇ ಮಹಡೀಲಿ."

"ಯಾಕೆ?"

"ನಾಳೆ ನಲವತ್ತು ಜನ ಅಲ್ಲಿಗೆ ಹತ್ತುತ್ತಿದ್ರು. ಅಂಚಿಗೆ ತಡೆಯಿಲ್ಲ. ಕಟ್ಟಿಸಿ ಅಂದ್ರೆ ಕಾಂಕ್ರೀಟ್ ಆದ ಮೇಲೆ ಅಂತಾರೆ. ಕಂಬಿ ಹೋದ್ರೆ ಕಾಂಕ್ರೀಟೂ ನಿಲ್ಲುತ್ತೆ."

"ಕಾರ್ಮಿಕ ಇಲಾಖೆಗೆ ಹೇಳಬಹುದಿತ್ತು."

"ಹೇಳಿದೆ. ಮುಂದಿನ ವಾರ ಬರ್ತಾರಂತೆ."

"ಮೇಸ್ತ್ರಿ ಬೆಂಚಿನ ಮೇಲೆ ಕೂತಿದ್ದು ಗೊತ್ತಿತ್ತಾ?"

ಅವನು ತಲೆ ತಗ್ಗಿಸಿದ. "ಸಂಜೆ ಬಂದು ಒಪ್ಕೊಳ್ಳೋಣ ಅಂತಿದ್ದೆ. ಅಷ್ಟರಲ್ಲಿ ಕಂಟ್ರಾಕ್ಟರು ಹೆದರಿ ತಡೆ ಕಟ್ಟಿಸ್ತಾರೇನೋ ಅಂತ ಕಾದೆ."

"ಕಟ್ಟಿಸಿದ್ರಾ?"

"ಇಲ್ಲ."

ಬಂಧನದ ನಮೂನೆಗೆ ಇನ್ಸ್‌ಪೆಕ್ಟರ್ ಸಹಿ ಹಾಕಿದರು. ಬಳಿಕ ಕಂಟ್ರಾಕ್ಟರನ ಕಡೆ ತಿರುಗಿದರು.

"ಆ ಮಹಡಿ ಈಗ ಘಟನಾ ಸ್ಥಳ. ನನ್ನ ಸಿಬ್ಬಂದಿ ಮತ್ತೆ ಹತ್ತಬೇಕು. ಸುತ್ತ ತಡೆ ಇಲ್ಲದೆ ಒಬ್ಬರನ್ನೂ ಹತ್ತಿಸಲ್ಲ. ಅಲ್ಲೀವರೆಗೆ ಕೆಲಸಾನೂ ಇಲ್ಲ."

ಕಂಟ್ರಾಕ್ಟರು ತಡೆಗೆ ಪೈಪು ತರಿಸಲು ಫೋನು ಹಚ್ಚಿದ.

ಬಿಡುಗಡೆಯಾದ ಮೇಸ್ತ್ರಿ ಸಂಜೆ ತಂಡದೊಂದಿಗೆ ಬಂದಾಗ ಆರೋಪಿಯ ಹೇಳಿಕೆ, ಕೈಗವಸಿನ ಜಪ್ತಿ ಎಲ್ಲವೂ ಮುಗಿದು ಅವನನ್ನು ಜೀಪಿನ ಬಳಿಗೆ ಕರೆತಂದಿದ್ದರು. ಮೇಸ್ತ್ರಿ ಎದುರಿಗೇ ನಿಂತ.

"ಒಂದು ಮಾತು ಹೇಳಿದ್ರೆ ನಾನೇ ಕಂಬಿ ಹಿಡ್ಕೊಳ್ತಿದ್ದೆ. ಹೇಳದೆ ಕೇಳದೆ ನನ್ನನ್ನ ಕಳ್ಳನ ಹಾಗೆ ಕೂರಿಸಿದ್ರಲ್ಲ ಸಾರ್."

"ತಪ್ಪಾಯ್ತು."

ಮೇಸ್ತ್ರಿ ಆಳುಗಳನ್ನು ಕರೆದುಕೊಂಡು ಮೆಟ್ಟಿಲು ಹತ್ತಿದ.

ಆರೋಪಿಯ ಹೇಳಿಕೆಯಲ್ಲಿ ಕೇಸಿಗೆ ಬೇಕಿಲ್ಲದ ಒಂದು ಸಂಗತಿ ಇತ್ತು. ಇನ್ಸ್‌ಪೆಕ್ಟರ್ ಅದನ್ನು ಹೊಡೆದುಹಾಕಲಿಲ್ಲ. ಮೇಸ್ತ್ರಿಯ ತಮ್ಮ ಬಿದ್ದ ದಿನ ಅವನ ಹೆಲ್ಮೆಟಿನ ಪಟ್ಟಿಯನ್ನು ಬಿಗಿದವನು ಇವನೇ. ಹುಡುಗ ಅಂಗಾತ ಬಿದ್ದು ಪೆಟ್ಟೆಲ್ಲ ಬೆನ್ನಿಗಾಗಿತ್ತು. ಹೆಲ್ಮೆಟಿಗೆ ಒಂದು ಗೀರೂ ಆಗಿರಲಿಲ್ಲ.

ಜೀಪು ಹತ್ತುವ ಮುನ್ನ ಪಟ್ಟಿ ಸಾರ್ ಕತ್ತೆತ್ತಿದ. ಮೂರನೆಯ ಮಹಡಿಯ ಅಂಚಿನಲ್ಲಿ ಮೇಸ್ತ್ರಿ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಮೊದಲ ಪೈಪು ಕಟ್ಟುತ್ತಿದ್ದ.

"ಪಟ್ಟಿ," ಎಂದು ಕೂಗಿದ ಆರೋಪಿ.

ಮೇಸ್ತ್ರಿ ಕೆಳಗೆ ನೋಡಲಿಲ್ಲ. ಪೈಪನ್ನು ಮಂಡಿಗೆ ಆನಿಸಿಕೊಂಡು, ಗಲ್ಲದ ಕೆಳಗೆ ಕೈ ಹಾಕಿ, ಪಟ್ಟಿಯನ್ನು ಬಿಗಿ ಮಾಡಿಕೊಂಡ.