ಪೊಟ್ಟಣದ ಕಾಗದದಲ್ಲಿ ಅವ್ವಿ

“ಎಂತ! ನನ್ನ ಮೂಗು ಇಷ್ಟುದ್ದ ಇದ್ಯಾ?”

ಬೆನ್ನ ಹಿಂದಿನ ದನಿಗೆ ಬಂಗಾರಿಯ ಕೈಯಿಂದ ಇದ್ದಿಲು ಜಾರಿತು. ಅಯ್ಯೋ… ಹೆಬಳೆ ಶಾಲೆಗೆ ಹೊಸದಾಗಿ ಬಂದ ಮಹಾಬಲ ಮಾಸ್ತರು! ನಿನ್ನೆ ಅವರು ಗದ್ದೆಯಂಚಿನಲ್ಲಿ ಜಾರಿಬಿದ್ದದ್ದನ್ನೇ ಅವಳು ಅಂಗಳದ ಗೋಡೆಗೆ ಗೀಚಿದ್ದಳು.

ಮಾಸ್ತರು ಸಿಟ್ಟಾಗಲಿಲ್ಲ, ನಕ್ಕರು. ಆ ನಗುವಿಗೇ ಬಂಗಾರಿ ಸೋತಳು ಅನ್ನಿ!

ಅದು ೧೯೪೬ನೇ ಇಸವಿ. ಅಲ್ಲಿಂದಾಚೆ ಮಾಸ್ತರು ಆಗಾಗ ಬಂದರು. ಮಾತು ಅವಳಪ್ಪ ತಿಮ್ಮಪ್ಪನ ಜೊತೆ, ಕಣ್ಣು ಅಡುಗೆಮನೆ ಬಾಗಿಲಲ್ಲಿ. ಇದ್ದಿಲು, ಅರಿಶಿನ, ಎಲೆಗೆ ಹಚ್ಚುವ ಸುಣ್ಣ, ಬಸಳೆ ಹಣ್ಣಿನ ನೇರಳೆ ರಸ… ಕೈಗೆ ಸಿಕ್ಕಿದ್ದರಲ್ಲಿ ಬಂಗಾರಿ ಚಿತ್ರ ಬರೆಯುತ್ತಿದ್ದಳು. ಮರುದಿನ ಸೆಗಣಿ ಸಾರಿಸಿದರೆ ಎಲ್ಲ ಮಾಯ.

ಉಳಿದದ್ದು ಒಂದೇ. ಹಿಂದೆ ಹೆತ್ತ ಅವ್ವಿ ಜ್ವರದಲ್ಲಿ ಮಲಗಿದ್ದಾಗ ಸಾಮಾನಿನ ಪೊಟ್ಟಣ ಬಿಚ್ಚಿ, ಆ ಕಾಗದದ ಮೇಲೆ ಬರೆದ ಅವ್ವಿಯ ಮುಖ. ವಾರದೊಳಗೆ ಅವ್ವಿ ಹೋದಳು. ಅವಳದೊಂದು ಫೋಟೋ ಕೂಡ ಇರಲಿಲ್ಲ.

“ನಾಕು ದಿನ ನನ್ನ ಹತ್ರ ಇರ್ಲಿ. ಜೋಪಾನ ಮಾಡ್ತೆ,” ಎಂದರು ಮಾಸ್ತರು.

ಕೊಟ್ಟಳು. ಬೇರೆ ಯಾರಿಗೂ ಕೊಡುತ್ತಿರಲಿಲ್ಲ!

ನಾಲ್ಕು ದಿನ ಎರಡು ತಿಂಗಳಾಯಿತು. ಒಂದು ಬೆಳಿಗ್ಗೆ ಅಂಗಡಿಯ ದುರ್ಗಪ್ಪ ಬೊಂಬಾಯಿಯ ಪತ್ರಿಕೆಯೊಂದನ್ನು ಅವಳ ಮುಂದೆ ಹಿಡಿದ.

“ನೋಡೇ, ಚಿತ್ರದ ಸ್ಪರ್ಧೆಲಿ ನಮ್ಮ ಮಾಸ್ತರಿಗೆ ಮೊದಲ ಬಹುಮಾನ! ‘ಚಿತ್ರ: ಮಹಾಬಲ ಮಾಸ್ತರ’ ಅಂತ ಹೆಸ್ರೂ ಬಂದದೆ.”

ಅವ್ವಿ! ಅದೇ ಮೂಗುತಿ, ಅದೇ ಒಣಗಿದ ತುಟಿ…

ಬಂಗಾರಿ ಅಚ್ಚಾದ ಆ ಮುಖವನ್ನು ಬೆರಳಲ್ಲಿ ಮುಟ್ಟಿದಳು. ‘ಇದಕ್ಕೇ ಬರ್ತಿದ್ರಾ? ಆ ನಗು, ಆ ಮಾತು… ಎಲ್ಲ ಇದಕ್ಕೇನಾ?’

ಸಂಜೆ ಮಾಸ್ತರು ಬಂದರು.

“ನನ್ನ ಅವ್ವಿ ಎಲ್ಲಿ?”

“ಬೊಂಬಾಯಲ್ಲಿ… ಬಂಗಾರಿ, ಒಂದ್ಮಾತು ಕೇಳು…”

“ಬಹುಮಾನ, ಹೆಸ್ರು ಎಲ್ಲ ನೀವೇ ಇಟ್ಕಳಿ. ನನ್ನ ಅವ್ವಿ ತಂದ್ಕೊಡಿ! ಅಲ್ಲಿವರೆಗೆ ಈ ಅಂಗಳ ಮೆಟ್ಟಬೇಡಿ!”

ಮರುದಿನದಿಂದ ಮಾಸ್ತರು ಊರಲ್ಲೇ ಇಲ್ಲ. ಬಂಗಾರಿ ಅವ್ವಿಯ ಮುಖ ಮತ್ತೆ ಬರೆಯಲು ನೋಡಿದಳು. ಕಣ್ಣು ಬಂದರೆ ತುಟಿ ಬಾರದು. ‘ಕಳ್ಳ!’ ಎಂದು ಹಲ್ಲು ಕಚ್ಚಿದಳು. ಆದರೂ ನಾಯಿ ಬೊಗಳಿದಾಗಲೆಲ್ಲ ಬಾಗಿಲಿಗೆ ಓಡುತ್ತಿದ್ದಳು. ತನ್ನ ಮೇಲೇ ಅವಳಿಗೆ ಸಿಟ್ಟು ಬಂತು.

ಇಪ್ಪತ್ತಮೂರನೆಯ ದಿನ ಅಂಗಳದಾಚೆ ಮಾಸ್ತರು ನಿಂತಿದ್ದರು. ಗಡ್ಡ ಬೆಳೆದಿತ್ತು. ಕೈಯಲ್ಲಿ ಅದೇ ಕಾಗದ.

“ಹೊನ್ನಾವರದಲ್ಲಿ ಸ್ಟೀಮರ್ ಹತ್ತಿ ಹೋಗಿದ್ದೆ. ಪತ್ರಿಕೆಯವ್ರಿಗೆ ನಿಜ ಹೇಳಿ, ಬಹುಮಾನ ವಾಪಸ್ ಕೊಟ್ಟು ಬಂದೆ. ತಪ್ಪಾಯ್ತು ಅಂತ ಪತ್ರಿಕೆಯಲ್ಲೂ ಬತ್ತದೆ.”

“ಎಂತಕೆ ಹಂಗೆ ಮಾಡಿದ್ರಿ?”

“ನಿನ್ನ ಚಿತ್ರ ನಾಕು ಜನ ನೋಡ್ಲಿ ಅಂತಲೇ ಕಳಿಸೂಕೆ ಹೋದೆ. ಹೆಸ್ರು ಬರೆಯೂ ಹೊತ್ತಿಗೆ ಆಸೆ ಆತು. ನನ್ನದೇ ಬರ್ದೆ. ಸುಳ್ಳು ಹೇಳೂದಿಲ್ಲ… ಕೈ ನಡುಗ್ಲಿಲ್ಲ.” ಅವರು ಅಂಗಳದಾಚೆಯಿಂದಲೇ ಕಾಗದ ಚಾಚಿದರು. “ಆದ್ರೆ ಇಲ್ಲಿಗೆ ಬಂದದ್ದು ಚಿತ್ರಕ್ಕಲ್ಲ. ನಿನ್ನ ನೋಡೂಕೆ. ಅದೊಂದು ನಂಬು.”

ಬಂಗಾರಿ ಕಾಗದ ಕಸಿದುಕೊಂಡು ಎದೆಗೊತ್ತಿಕೊಂಡಳು. ಅಳು ತಡೆಯಲಾಗಲಿಲ್ಲ. ಮೂಲೆಯಲ್ಲಿ ಪೆನ್ಸಿಲ್ಲಿನ ಹೆಸರನ್ನು ಉಜ್ಜಿ ಅಳಿಸಿದ ಗುರುತಿತ್ತು.

“ಅಲ್ಲಿ ನಿನ್ನ ಹೆಸ್ರು ಬರ್ದುಕೊಡ್ಲಾ?”

“ಬೇಡ! ನಿಮ್ಮ ಕೈಯಲ್ಲಿ ಬೇಡ. ಅಕ್ಷರ ಕಲಿಸಿ, ನಾನೇ ಬರೀತೆ.”

“ನಾಳೆಯಿಂದ ಬರ್ಲಾ?”

“ಬನ್ನಿ. ಸಿಟ್ಟು ಹೋಗ್ಲಿಲ್ಲ, ಗೊತ್ತಿರ್ಲಿ.”

“ಆತು… ಆದ್ರೆ ಬೇಗ ಕಲೀಬೇಡ, ಬಂಗಾರಿ.”

“ನನ್ನ ಹೆಸ್ರು ಮೂರೇ ಅಕ್ಷರ, ಮಾಸ್ತರೇ.” ಅವಳು ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. “ನಿಮ್ಮದು ನಾಕು. ಅದನ್ನೂ ಕಲೀಬೇಕಲ್ಲ…”